ಹಳೆಯ ಧಾಟಿಯಲ್ಲಿ ತನ್ನ ಮಾತು: ಲೇವೇ ಅವರ ಎರಡನೆಯ ಆಲ್ಬಂ



2023ರ ಸೆಪ್ಟೆಂಬರ್ 8ರಂದು ‘ಬಿವಿಚ್ಡ್’ ಎಂಬ ಆಲ್ಬಂ ಬಿಡುಗಡೆಯಾಯಿತು. ‘ಮೋಡಿಗೊಳಗಾದವಳು’ ಎಂದು ಈ ಹೆಸರನ್ನು ನಾವು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಅದರಲ್ಲಿ ಹದಿನಾಲ್ಕು ರಚನೆಗಳಿವೆ. ಹಾಡಿದವರು ಐಸ್‌ಲ್ಯಾಂಡ್ ದೇಶದ ಕಲಾವಿದೆ ಲೇವೇ. ಆಗ ಅವರ ವಯಸ್ಸು 24. ಇದು ಅವರ ಎರಡನೆಯ ಆಲ್ಬಂ.

ಈ ಹಾಡುಗಳ ಧಾಟಿ 1940 ಮತ್ತು 1950ರ ದಶಕಗಳ ಅಮೆರಿಕದ ಹಾಡುಗಳನ್ನು ನೆನಪಿಗೆ ತರುತ್ತದೆ. ಮೃದುವಾದ ಪಿಯಾನೊ, ಹಿನ್ನೆಲೆಯಲ್ಲಿ ತಂತಿವಾದ್ಯಗಳ ಮೇಳ, ಅವಸರವಿಲ್ಲದ ನಡೆ. ಇಂಥ ಸಂಗೀತ ಹಿರಿಯರಿಗೆ ಮಾತ್ರ ಮೆಚ್ಚುಗೆಯಾಗುವಂಥದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಈ ಆಲ್ಬಮ್ಮನ್ನು ಮುಗಿಬಿದ್ದು ಕೇಳಿದವರು ಬಹುಪಾಲು ನಿಮ್ಮ ವಯಸ್ಸಿನವರು. ಬಿಡುಗಡೆಯಾದ ದಿನವೇ ಸ್ಪಾಟಿಫೈ ಜಾಲದಲ್ಲಿ, ಜಾಝ್ ಆಲ್ಬಂಗಳ ಪೈಕಿ, ಅದು ಹೊಸ ದಾಖಲೆ ಸ್ಥಾಪಿಸಿತೆಂದು ಪತ್ರಿಕೆಗಳು ವರದಿ ಮಾಡಿದವು. 2024ರ ಫೆಬ್ರವರಿಯಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹಳೆಯ ಧಾಟಿಯೊಂದು ಹೊಸ ತಲೆಮಾರಿನ ಕಿವಿಗೆ ಹೇಗೆ ಹಿತವಾಯಿತು? ಇಂದಿನ ನಮ್ಮ ಮಾತುಕತೆಯ ವಿಷಯ ಇದು.

ಮೊದಲು ಕಲಾವಿದೆಯ ಪರಿಚಯ ಮಾಡಿಕೊಳ್ಳೋಣ. ಅವರ ಹೆಸರಿನ ಕಾಗುಣಿತವನ್ನು ಇಂಗ್ಲಿಷಿನಂತೆ ಓದಿದರೆ ‘ಲಾಫಿ’ ಎಂದಾಗುತ್ತದೆ. ಆದರೆ ಅವರು ಹೇಳಿಕೊಡುವ ಉಚ್ಚಾರಣೆ ‘ಲೇವೇ’. ಪೂರ್ಣ ಹೆಸರು ಲೇವೇ ಲಿನ್ ಬಿಂಗ್ ಯೋನ್ಸ್‌ದೋಟ್ಟಿರ್. ಕೊನೆಯ ಪದದ ಅರ್ಥ ‘ಯೋನ್ ಎಂಬುವರ ಮಗಳು’. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ನಾವು ತಂದೆಯ ಹೆಸರಿನ ಮೊದಲಕ್ಷರವನ್ನು ನಮ್ಮ ಹೆಸರಿನ ಹಿಂದೆ ಇಟ್ಟುಕೊಳ್ಳುವಂತೆ, ಅವರು ತಂದೆಯ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ. ನಡುವಿನ ‘ಲಿನ್ ಬಿಂಗ್’ ಚೀನೀ ಹೆಸರು, ಅದು ತಾಯಿಯ ಕಡೆಯಿಂದ ಬಂದದ್ದು.

ಲೇವೇ 1999ರ ಏಪ್ರಿಲ್‌ನಲ್ಲಿ ರೆಯ್ಕ್ಯವಿಕ್ ನಗರದಲ್ಲಿ ಜನಿಸಿದರು. ಬಾಲ್ಯದ ಒಂದಷ್ಟು ಕಾಲ ಅಮೆರಿಕದ ವಾಷಿಂಗ್ಟನ್‌ನಲ್ಲಿಯೂ ಕಳೆಯಿತು. ತಾಯಿ ಐಸ್‌ಲ್ಯಾಂಡ್ ಸಿಂಫನಿ ವಾದ್ಯವೃಂದದ ಪಿಟೀಲು ವಾದಕಿ. ತಾಯಿಯ ತಂದೆ ಲಿನ್ ಯಾವೋಜಿ, ಬೀಜಿಂಗಿನ ಕೇಂದ್ರ ಸಂಗೀತ ಮಹಾವಿದ್ಯಾಲಯದ ಹೆಸರಾಂತ ಪಿಟೀಲು ಗುರುವಾಗಿದ್ದರು. ಅವಳಿ ಸಹೋದರಿ ಯೂನಿಯಾ ಕೂಡ ಪಿಟೀಲು ನುಡಿಸುತ್ತಾರೆ. ಲೇವೇ ನಾಲ್ಕನೆಯ ವಯಸ್ಸಿನಲ್ಲಿ ಪಿಯಾನೊ ಅಭ್ಯಾಸವನ್ನೂ ಎಂಟನೆಯ ವಯಸ್ಸಿನಲ್ಲಿ ಚೆಲ್ಲೊ ಅಭ್ಯಾಸವನ್ನೂ ಆರಂಭಿಸಿದರು. ಚೆಲ್ಲೊ ಎಂದರೆ ಪಿಟೀಲಿನ ಜಾತಿಗೇ ಸೇರಿದ, ಕುಳಿತು ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ವಾದ್ಯ. ಹದಿನೈದನೆಯ ವಯಸ್ಸಿಗೆ ಅವರು ಐಸ್‌ಲ್ಯಾಂಡ್ ಸಿಂಫನಿಯೊಡನೆ ಚೆಲ್ಲೊ ನುಡಿಸಿದ್ದರು. ಆಮೇಲೆ ಅಮೆರಿಕದ ಬೋಸ್ಟನ್ ನಗರದ ಬರ್ಕ್ಲೀ ಸಂಗೀತ ಕಾಲೇಜಿಗೆ ವಿದ್ಯಾರ್ಥಿವೇತನ ಪಡೆದು ಸೇರಿದರು. 2021ರಲ್ಲಿ ಪದವಿ ಮುಗಿಸಿದರು.

ಅವರ ಓದಿನ ನಡುವೆ, 2020ರಲ್ಲಿ, ಕೊರೊನಾ ಸಾಂಕ್ರಾಮಿಕ ಬಂತು. ಸಭಾಂಗಣಗಳ ಬಾಗಿಲು ಮುಚ್ಚಿದವು. ಹಾಡುವವರಿಗೆ ಎದುರಿಗೆ ಶ್ರೋತೃಗಳೇ ಇಲ್ಲದಂತಾಯಿತು. ಲೇವೇ ಹಳೆಯ ಜಾಝ್ ಹಾಡುಗಳನ್ನು ಒಬ್ಬರೇ ಕುಳಿತು ಹಾಡಿ, ಚಿಕ್ಕ ಚಿಕ್ಕ ವಿಡಿಯೋಗಳನ್ನು ಅಂತರ್ಜಾಲದಲ್ಲಿ ಹಾಕತೊಡಗಿದರು. ಅದೇ ವರ್ಷ ‘ಸ್ಟ್ರೀಟ್ ಬೈ ಸ್ಟ್ರೀಟ್’ ಎಂಬ ಸ್ವಂತ ಹಾಡೂ ಹೊರಬಂತು. ಮೊದಲ ಪೂರ್ಣ ಆಲ್ಬಂ ‘ಎವರಿಥಿಂಗ್ ಐ ನೋ ಅಬೌಟ್ ಲವ್’ ಬಂದದ್ದು 2022ರ ಆಗಸ್ಟ್‌ನಲ್ಲಿ. ಒಂದು ವರ್ಷ ಕಳೆಯುವಷ್ಟರಲ್ಲಿ ಎರಡನೆಯದು ಸಿದ್ಧವಾಗಿತ್ತು.

ಎರಡನೆಯ ಕೃತಿ ಎಂಬುದು ಯಾವ ಕಲಾವಿದರಿಗೂ ಕಠಿಣ ಪರೀಕ್ಷೆ. ಮೊದಲನೆಯದಕ್ಕೆ ಹುಟ್ಟಿದಂದಿನಿಂದ ಕೂಡಿಟ್ಟ ಅನುಭವವೆಲ್ಲ ಬಂಡವಾಳವಾಗಿರುತ್ತದೆ. ಅದನ್ನು ಬರೆಯುವಾಗ ಯಾರ ನಿರೀಕ್ಷೆಯೂ ಇರುವುದಿಲ್ಲ. ಎರಡನೆಯದನ್ನು ಕೆಲವೇ ತಿಂಗಳಲ್ಲಿ, ಎಲ್ಲರೂ ನೋಡುತ್ತಿರುವಾಗ, ಬರೆಯಬೇಕಾಗುತ್ತದೆ. ಆಗ ಎರಡು ಆಮಿಷಗಳು ಎದುರಾಗುತ್ತವೆ. ಮೆಚ್ಚುಗೆ ಪಡೆದದ್ದನ್ನೇ ಮತ್ತೆ ಒಪ್ಪಿಸಿಬಿಡುವುದು ಒಂದು. ಇನ್ನಷ್ಟು ಜನರನ್ನು ಸೆಳೆಯಲು ಚಾಲ್ತಿಯಲ್ಲಿರುವ ಅಬ್ಬರದ ತಾಳಕ್ಕೆ ಒಲಿಯುವುದು ಇನ್ನೊಂದು. ಲೇವೇ ಹಿಡಿದ ದಾರಿ ಇವೆರಡಕ್ಕಿಂತ ಬೇರೆಯಾಗಿತ್ತು. ತಮಗೆ ಪ್ರಿಯವಾದ ಹಳೆಯ ಸಂಗೀತದ ಒಳಕ್ಕೆ ಅವರು ಇನ್ನೂ ಕೆಲವು ಹೆಜ್ಜೆ ಹೋದರು. ‘ಕ್ಯಾಲಿಫೋರ್ನಿಯಾ ಆ್ಯಂಡ್ ಮಿ’ ಎಂಬ ಹಾಡಿಗೆ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಜತೆ ನೀಡಿತು. ‘ನಾಕ್ಟರ್ನ್’ ಎಂಬ ರಚನೆಯಲ್ಲಿ ಸಾಹಿತ್ಯವೇ ಇಲ್ಲ, ಪಿಯಾನೊ ಮಾತ್ರ ಕೇಳುತ್ತದೆ. ಒಂದರ ಹಿಂದೆ ಒಂದು ಹಾಡನ್ನು ಬೇಗ ಬೇಗ ದಾಟಿಸಿಬಿಡುವ ಕೇಳುಗರ ಕಾಲದಲ್ಲಿ ಇದು ಧೈರ್ಯದ ಕೆಲಸವೇ ಸರಿ.

ಈ ಆಲ್ಬಮ್ಮಿನ ಹದಿನಾಲ್ಕು ರಚನೆಗಳಲ್ಲಿ ಹದಿಮೂರು ಲೇವೇ ಸ್ವತಃ, ಅಥವಾ ಜತೆಗಾರರೊಡನೆ, ರಚಿಸಿದವು. ಉಳಿದ ಒಂದು ‘ಮಿಸ್ಟಿ’. ಇದು 1954ರಲ್ಲಿ ಎರಾಲ್ ಗಾರ್ನರ್ ಎಂಬ ಆಫ್ರಿಕನ್ ಅಮೆರಿಕನ್ ಪಿಯಾನೊ ವಾದಕರು ಸಂಯೋಜಿಸಿದ ಧಾಟಿ. ಜಾನಿ ಬರ್ಕ್ ಅದಕ್ಕೆ ಆಮೇಲೆ ಸಾಹಿತ್ಯ ಬರೆದರು. 1959ರಲ್ಲಿ ಜಾನಿ ಮ್ಯಾಥಿಸ್ ಹಾಡಿದಾಗ ಅದು ಮನೆಮಾತಾಯಿತು. ಈ ಒಂದು ಹಾಡನ್ನು ಹಿಡಿದುಕೊಂಡರೆ ಉಳಿದ ಹದಿಮೂರರ ಮರ್ಮವೂ ಸುಲಭವಾಗಿ ತಿಳಿಯುತ್ತದೆ.

‘ಮಿಸ್ಟಿ’ ಹಾಡಿನ ಚೌಕಟ್ಟು ಚಿಕ್ಕದು. ಎಂಟೆಂಟು ತಾಳಾವರ್ತಗಳ ನಾಲ್ಕು ಭಾಗಗಳು, ಒಟ್ಟು ಮೂವತ್ತೆರಡು. ಮೊದಲ ಭಾಗದ ಧಾಟಿಯೇ ಎರಡನೆಯ ಭಾಗಕ್ಕೂ ಬರುತ್ತದೆ. ಮೂರನೆಯ ಭಾಗದಲ್ಲಿ ಹಾಡು ಬೇರೊಂದು ಕಡೆಗೆ ಹೊರಳುತ್ತದೆ. ನಾಲ್ಕನೆಯದರಲ್ಲಿ ಮೊದಲ ಧಾಟಿಗೆ ಹಿಂದಿರುಗುತ್ತದೆ. ಆ ಕಾಲದ ಅಮೆರಿಕದ ನೂರಾರು ಹಾಡುಗಳು ಇದೇ ಅಳತೆಯ ಅಂಗಿ ತೊಟ್ಟಿವೆ. ಹೇಳಬೇಕಾದದ್ದನ್ನು ಅಷ್ಟರಲ್ಲೇ ಹೇಳಿ ಮುಗಿಸಬೇಕು. ಆದ್ದರಿಂದ ಒಂದು ಪದವೂ ಒಂದು ಸ್ವರವೂ ವ್ಯರ್ಥವಾಗುವಂತಿಲ್ಲ.

ಇನ್ನು ಆ ಸಂಗೀತದ ವಿಶಿಷ್ಟ ಬಣ್ಣ. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೆ ಒಂದು ಬರುತ್ತವೆ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುತ್ತಾರೆ. ಹಾರ್ಮೋನಿಯಂ ಇದ್ದರೆ ನೀವೇ ಪರೀಕ್ಷಿಸಿ ನೋಡಿ. ಷಡ್ಜ, ಅಂತರ ಗಾಂಧಾರ, ಪಂಚಮ, ಈ ಮೂರನ್ನು ಒಮ್ಮೆಗೇ ಒತ್ತಿ. ಶುದ್ಧ ಶ್ರುತಿಯಲ್ಲಿ ಅವುಗಳ ಆವೃತ್ತಿಗಳ ಪ್ರಮಾಣ 4:5:6. ಸರಳ ಅಂಕಿಗಳ ಈ ಸಂಬಂಧ ಕಿವಿಗೆ ಸ್ಥಿರವಾಗಿ, ನೆಮ್ಮದಿಯಾಗಿ ಕೇಳಿಸುತ್ತದೆ. ಈಗ ಅದಕ್ಕೆ ಕಾಕಲಿ ನಿಷಾದವನ್ನು ಸೇರಿಸಿ. ಪ್ರಮಾಣ 8:10:12:15 ಆಗುತ್ತದೆ. ಅಂಕಿಗಳು ತುಸು ಜಟಿಲವಾದವು, ಧ್ವನಿಯೂ ಹಾಗೆಯೇ ಆಯಿತು. ನಿಷಾದಕ್ಕೂ ಮೇಲಿನ ಷಡ್ಜಕ್ಕೂ ನಡುವೆ ಅರ್ಧ ಮೆಟ್ಟಿಲಿನ ಅಂತರ ಮಾತ್ರ. ಮನೆಯ ಹೊಸ್ತಿಲ ತನಕ ಬಂದು ಒಳಗೆ ಕಾಲಿಡದೆ ನಿಂತವರಂತೆ ಆ ಸ್ವರ ನಮ್ಮನ್ನು ಕಾಯಿಸುತ್ತದೆ. ಸುಖವೂ ಹೌದು, ಏನೋ ಕೊರತೆಯೂ ಹೌದು ಎನ್ನಿಸುವ ಭಾವ ಹುಟ್ಟುವುದು ಇಲ್ಲಿ. ‘ಮಿಸ್ಟಿ’ ಹಾಡಿನ ಮೊದಲ ಮೂರು ಸ್ವರಗಳನ್ನು ನಮ್ಮ ಲಿಪಿಯಲ್ಲಿ ಬರೆದರೆ ಪ, ಗ, ಮಂದ್ರದ ನಿ. ಎಳೆದು ನಿಲ್ಲಿಸುವುದು ಆ ನಿಷಾದದ ಮೇಲೆಯೇ. ಪ್ರೇಮದಲ್ಲಿ ತಬ್ಬಿಬ್ಬಾದ ಮನಸ್ಸಿನ ಹಾಡಿಗೆ ಇದಕ್ಕಿಂತ ತಕ್ಕ ಆರಂಭ ಯಾವುದಿದ್ದೀತು? ಲೇವೇ ತಮ್ಮ ಸ್ವಂತ ಹಾಡುಗಳಲ್ಲಿಯೂ ಇಂಥ ನಾಲ್ಕು ಸ್ವರ, ಐದು ಸ್ವರಗಳ ಮೇಳಗಳನ್ನು ಧಾರಾಳವಾಗಿ ಬಳಸುತ್ತಾರೆ. ಅವರ ಹಾಡು ಹಳೆಯದರಂತೆ ಕೇಳಿಸಲು ಇದು ಮುಖ್ಯ ಕಾರಣ.

ಇನ್ನೊಂದು ಕಾರಣ ಕಂಠದ ಬಳಕೆಯಲ್ಲಿದೆ. ಲೇವೇ ತಗ್ಗಿದ ಸ್ಥಾಯಿಯಲ್ಲಿ, ಪಕ್ಕದಲ್ಲಿ ಕುಳಿತವರೊಡನೆ ಮಾತಾಡಿದಂತೆ ಹಾಡುತ್ತಾರೆ. ಈ ಶೈಲಿಗೆ ಒಂದು ವೈಜ್ಞಾನಿಕ ಹಿನ್ನೆಲೆಯಿದೆ. 1925ರವರೆಗೆ ಧ್ವನಿಮುದ್ರಣಕ್ಕೆ ಮೈಕು ಇರಲಿಲ್ಲ. ಗಾಯಕರು ತಗಡಿನ ಕೊಂಬಿನ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು. ಆ ಧ್ವನಿಯ ಬಲದಿಂದಲೇ ಸೂಜಿ ಅಲುಗಾಡಿ ಮೇಣದ ತಟ್ಟೆಯ ಮೇಲೆ ಗೀರು ಮೂಡಬೇಕಿತ್ತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂತು. ಮೈಕು ಪಿಸುಮಾತನ್ನೂ ಹಿಡಿಯಬಲ್ಲದಾದ್ದರಿಂದ ಕೂಗುವ ಅಗತ್ಯ ತಪ್ಪಿತು. ಬಿಂಗ್ ಕ್ರಾಸ್ಬಿಯಂಥ ಗಾಯಕರು ಮೃದುವಾಗಿ ಗುನುಗುವ ಶೈಲಿಯನ್ನು ಬೆಳೆಸಿದರು. ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ನಿತ್ಯವೂ ಅನುಭವಕ್ಕೆ ಬರುವ ಇನ್ನೊಂದು ಸಂಗತಿಯಿದೆ. ಒಂದು ದಿಕ್ಕಿನ ಧ್ವನಿಯನ್ನು ಹೆಚ್ಚಾಗಿ ಹಿಡಿಯುವ ಮೈಕಿಗೆ ತೀರಾ ಹತ್ತಿರ ಬಂದು ಮಾತಾಡಿದರೆ, ಧ್ವನಿಯ ತಗ್ಗಿನ ಆವೃತ್ತಿಗಳು ಬಲಗೊಂಡು ಕಂಠ ತುಂಬಿಬಂದಂತೆ ಕೇಳಿಸುತ್ತದೆ. ಕೇಳುಗರಿಗೆ ಹಾಡುವವರು ತಮ್ಮ ಕಿವಿಯ ಬಳಿಯೇ ಇದ್ದಾರೆ ಎನ್ನಿಸುತ್ತದೆ. ನಾವು ‘ಹಳೆಯದು’ ಎನ್ನುವ ಆ ಮೃದು ಗಾಯನ ತನ್ನ ಕಾಲದ ಹೊಸ ಯಂತ್ರದ ಕೂಸು. ಇಂದು ಕಿವಿಯೊಳಗೇ ಇಟ್ಟುಕೊಳ್ಳುವ ಇಯರ್‌ಫೋನಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಲೇವೇ ಎಳೆಯರ ಮನಸ್ಸನ್ನು ಮೊಬೈಲ್ ಫೋನಿನ ಮೂಲಕ ತಲುಪಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಲ್ಬಮ್ಮಿನ ಅತ್ಯಂತ ಜನಪ್ರಿಯ ಹಾಡು ‘ಫ್ರಮ್ ದ ಸ್ಟಾರ್ಟ್’. ಗೆಳೆಯನೊಬ್ಬ ತಾನು ಮೆಚ್ಚಿದ ಹುಡುಗಿಯ ವಿಷಯವನ್ನು ಒಂದೇ ಸಮನೆ ಹೇಳುತ್ತಿದ್ದಾನೆ. ಕೇಳುತ್ತಿರುವವಳಿಗೆ ಅವನ ಮೇಲೆಯೇ ಪ್ರೀತಿ. ಆ ಪೇಚನ್ನು ಲೇವೇ ಅಳುವಿಗೆ ಇಳಿಸದೆ, ತುಂಟತನದಿಂದ ಹಾಡಿದ್ದಾರೆ. ಇದರ ಲಯ ಬ್ರೆಜಿಲ್ ದೇಶದ ಬೋಸಾ ನೋವಾ. 1950ರ ದಶಕದ ಕೊನೆಯಲ್ಲಿ ರಿಯೋ ಡಿ ಜನೈರೋ ನಗರದಲ್ಲಿ ಆಂಟೋನಿಯೋ ಕಾರ್ಲೋಸ್ ಜೋಬಿಂ, ಜೊವಾವೊ ಜಿಲ್ಬರ್ಟೊ ಮೊದಲಾದ ತರುಣರು ತಮ್ಮ ನಾಡಿನ ಸಾಂಬಾ ಲಯಕ್ಕೆ ಜಾಝ್ ಸ್ವರಮೇಳವನ್ನು ಬೆಸೆದು ಇದನ್ನು ರೂಪಿಸಿದರು. ‘ಬೋಸಾ ನೋವಾ’ ಎಂಬ ಪೋರ್ಚುಗೀಸ್ ಮಾತಿಗೆ ‘ಹೊಸ ರೀತಿ’ ಎಂದೇ ಅರ್ಥ! 1958ರಲ್ಲಿ ಜಿಲ್ಬರ್ಟೊ ತಮ್ಮ ಹೆಸರಾಂತ ಧ್ವನಿಮುದ್ರಣವನ್ನು ಮಾಡಿದಾಗ ಅವರಿಗೆ 27 ವರ್ಷ. ಇಂದು ಅಜ್ಜಂದಿರ ಸಂಗೀತವೆನಿಸುವುದು ಅಂದಿನ ಎಳೆಯರ ಸಾಹಸವಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಅಮೆರಿಕದ ಆ ಹಳೆಯ ಹಾಡುಗಳ ಕತೆಯೂ ಇಂಥದೇ. ‘ಮಹಾನ್ ಅಮೆರಿಕನ್ ಗೀತಸಂಪುಟ’ ಎಂದು ಒಟ್ಟಾಗಿ ಕರೆಯುವ ಆ ಹಾಡುಗಳ ರಚನಕಾರರಲ್ಲಿ ಎಷ್ಟೋ ಮಂದಿ ವಲಸೆ ಬಂದವರು, ಅಥವಾ ವಲಸೆ ಬಂದವರ ಮಕ್ಕಳು. ಅರ್ವಿಂಗ್ ಬರ್ಲಿನ್ ಐದು ವರ್ಷದ ಬಾಲಕನಾಗಿದ್ದಾಗ, 1893ರಲ್ಲಿ, ರಷ್ಯಾದಿಂದ ನ್ಯೂಯಾರ್ಕಿಗೆ ಬಂದವರು. ಜಾರ್ಜ್ ಗರ್ಶ್ವಿನ್ ಅವರ ತಂದೆತಾಯಿಯರೂ ರಷ್ಯಾದಿಂದ ಬಂದವರು. ಅವರು ತಮ್ಮ ಧಾಟಿಗಳಿಗೆ ಜಾಝ್‌ನಿಂದ ಉಸಿರು ತುಂಬಿಕೊಂಡರು. ಆ ಜಾಝ್ ಹುಟ್ಟಿದ್ದಾದರೂ ಗುಲಾಮಗಿರಿಯ ಯಾತನೆಯನ್ನು ದಾಟಿಬಂದ ಆಫ್ರಿಕನ್ ಅಮೆರಿಕನ್ ಜನರ ನಡುವೆ. ಹಾಗಿರುವಾಗ ಐಸ್‌ಲ್ಯಾಂಡಿನ ತಂದೆಗೂ ಚೀನಾದ ತಾಯಿಗೂ ಹುಟ್ಟಿದ ಮಗಳೊಬ್ಬಳು ಈ ಧಾಟಿಯಲ್ಲಿ ಹಾಡು ಕಟ್ಟಿದರೆ, ಅದು ಈ ಸಂಗೀತದ ಚರಿತ್ರೆಗೆ ಹೊರತಾದ ಸಂಗತಿಯಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದು ಜಾಝ್ ಹೌದೇ? ಸ್ಪಾಟಿಫೈ ದಾಖಲೆ ಇದನ್ನು ಜಾಝ್ ಎಂದಿತು. ಗ್ರ್ಯಾಮಿ ಪ್ರಶಸ್ತಿ ಬಂದದ್ದು ‘ಸಾಂಪ್ರದಾಯಿಕ ಪಾಪ್ ಗಾಯನ’ ವಿಭಾಗದಲ್ಲಿ. ಜಾಝ್‌ನ ಜೀವ ಇರುವುದು ಮನೋಧರ್ಮದಲ್ಲಿ. ನಮ್ಮ ವಿದ್ವಾಂಸರು ರಾಗಾಲಾಪನೆಯನ್ನೂ ಕಲ್ಪನಾಸ್ವರವನ್ನೂ ಆ ಕ್ಷಣದಲ್ಲಿ ಸೃಷ್ಟಿಸುವಂತೆ, ಜಾಝ್ ಕಲಾವಿದರು ಒಂದು ಧಾಟಿಯನ್ನು ಎತ್ತಿಕೊಂಡು ವೇದಿಕೆಯ ಮೇಲೆಯೇ ಬೆಳೆಸುತ್ತ ಹೋಗುತ್ತಾರೆ. ‘ಬಿವಿಚ್ಡ್’ ಆಲ್ಬಮ್ಮಿನಲ್ಲಿ ಇದಕ್ಕೆ ಇರುವ ಜಾಗ ಕಡಿಮೆ. ಹೆಚ್ಚಿನದೆಲ್ಲ ಮೊದಲೇ ಬರೆದು, ಜೋಡಿಸಿ, ತಿದ್ದಿ ನುಡಿಸಿದ್ದು. ಆದ್ದರಿಂದ ಇದನ್ನು ಜಾಝ್ ಎನ್ನುವುದಕ್ಕಿಂತ, ಜಾಝ್‌ನ ಋಣವುಳ್ಳ ಭಾವಗೀತೆಗಳು ಎನ್ನುವುದು ನ್ಯಾಯ ಎಂದು ನನಗೆ ತೋರುತ್ತದೆ. ಹದಿನಾಲ್ಕನ್ನೂ ಒಟ್ಟಿಗೆ ಕೇಳಿದರೆ ಒಂದೇ ಬಗೆಯ ನಡೆ, ಒಂದೇ ಬಗೆಯ ವಿರಹ ತುಸು ಹೆಚ್ಚಾಯಿತು ಎನ್ನಿಸಿದರೂ ತಪ್ಪಿಲ್ಲ. ಇಂಥ ವಿಮರ್ಶೆಯಿಂದ ಒಳ್ಳೆಯ ಕೃತಿಯೊಂದು ಚಿಕ್ಕದಾಗುವುದಿಲ್ಲ. ಆದರೆ ಇದನ್ನು ಕೇಳಿ ‘ನಾನು ಜಾಝ್ ಕೇಳಿದೆ’ ಎಂದು ನಿಂತುಬಿಟ್ಟರೆ, ಆ ಕಲೆಯನ್ನು ಕಟ್ಟಿದವರಿಗೆ ಅನ್ಯಾಯ ಮಾಡಿದಂತೆ. ಲೇವೇ ತಮ್ಮ ಮೇಲೆ ಪ್ರಭಾವ ಬೀರಿದವರೆಂದು ಸ್ಮರಿಸುವ ಎಲಾ ಫಿಟ್ಸ್‌ಜೆರಾಲ್ಡ್, ಬಿಲಿ ಹಾಲಿಡೇ ಅವರ ಕಡೆಗೆ ನಾವೂ ನಡೆಯಬೇಕು.

ಈ ಸಂದರ್ಭದಲ್ಲಿ ಎರಾಲ್ ಗಾರ್ನರ್ ಅವರ ವಿಷಯವನ್ನು ಇನ್ನೊಮ್ಮೆ ನೆನೆಯಬೇಕು. ಅವರಿಗೆ ಸಂಗೀತದ ಲಿಪಿಯನ್ನು ಓದಲು ಬರುತ್ತಿರಲಿಲ್ಲ. ಕೇವಲ ಕಿವಿಯ ಬಲದಿಂದ ಕಲಿತವರು. ಲೇವೇ ಮೂರು ತಲೆಮಾರಿನ ಶಾಸ್ತ್ರೀಯ ಶಿಕ್ಷಣದ ಮನೆಯಿಂದ ಬಂದವರು. ಎರಡು ಬೇರೆ ಬೇರೆ ದಾರಿಗಳು ‘ಮಿಸ್ಟಿ’ ಎಂಬ ಒಂದೇ ಹಾಡಿನಲ್ಲಿ ಬಂದು ಸೇರಿವೆ. ಇಬ್ಬರಿಗೂ ಸಮಾನವಾದದ್ದು ವರ್ಷಗಟ್ಟಲೆ ಬಿಡದೆ ನಡೆಸಿದ ಸಾಧನೆ.

ಆಲ್ಬಮ್ಮಿನ ಕೊನೆಗೆ ಒಂದು ಹಾಡಿನ ಮೊದಲು ಬರುವ ರಚನೆ ‘ಲೆಟರ್ ಟು ಮೈ 13 ಇಯರ್ ಓಲ್ಡ್ ಸೆಲ್ಫ್’. ಹದಿಮೂರು ವರ್ಷದ ತನಗೆ ತಾನೇ ಬರೆದುಕೊಂಡ ಪತ್ರ ಅದು. ಆ ಹುಡುಗಿಯ ಪರಕೀಯ ಹೆಸರನ್ನು ಹೇಳಲು ಹೋಗಿ ಜತೆಯವರು ನಗುತ್ತಾರೆ. ಆಟಕ್ಕೆ ಆರಿಸುವಾಗ ಅವಳ ಸರದಿ ಎಲ್ಲರಿಗಿಂತ ಕೊನೆಗೆ. ತನ್ನ ರೂಪದ ಬಗ್ಗೆ ಅವಳಿಗೆ ಸಂಕೋಚ. ದೊಡ್ಡವಳಾದ ಗಾಯಕಿ ಆ ಮಗುವಿನ ಪಕ್ಕದಲ್ಲಿ ಕುಳಿತು, ನಿನ್ನ ದಿನವೂ ಬರುತ್ತದೆ ಎಂದು ಸಮಾಧಾನ ಹೇಳುತ್ತಾಳೆ. ಈ ಆಲ್ಬಮ್ಮಿನ ಹೃದಯ ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ಧಾಟಿ ಹಳೆಯದಾದರೂ ಹೇಳಿದ ಮಾತು ಎರವಲು ತಂದದ್ದಲ್ಲ. 1950ರ ಯಾವ ಗೀತರಚನಕಾರನೂ ಈ ಹಾಡನ್ನು ಬರೆಯಲು ಸಾಧ್ಯವಿರಲಿಲ್ಲ. ಎರಡು ದೇಶಗಳ ನಡುವೆ ಬೆಳೆದ ಈ ಹುಡುಗಿಯೇ ಬರೆಯಬೇಕಿತ್ತು. ಸಹಪಾಠಿಗಳು ಉಚ್ಚರಿಸಲಾಗದ ಆ ಹೆಸರನ್ನು ಇಂದು ಸಾವಿರಾರು ಮಂದಿ ಎಳೆಯರು ಸರಿಯಾಗಿ ಕಲಿತು ಕೂಗುತ್ತಾರೆ.

ಮಿತ್ರರೇ, ನಿಮ್ಮಲ್ಲಿ ಎಷ್ಟೋ ಮಂದಿ ಚಿಕ್ಕಂದಿನಲ್ಲಿ ವೀಣೆಯನ್ನೋ ತಬಲಾವನ್ನೋ ಯಕ್ಷಗಾನದ ಹೆಜ್ಜೆಯನ್ನೋ ಕಲಿತಿರಬಹುದು. ಹತ್ತನೆಯ ತರಗತಿ ಬಂದೊಡನೆ ‘ಇನ್ನು ಸಾಕು’ ಎಂದು ವಾದ್ಯವನ್ನು ಅಟ್ಟಕ್ಕೆ ಏರಿಸುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಪರೀಕ್ಷೆಯ ಒತ್ತಡ ಒಂದು ಕಾರಣ. ಈ ಕಲೆ ನಮ್ಮ ಕಾಲದ್ದಲ್ಲ, ಗೆಳೆಯರು ನಕ್ಕಾರು ಎಂಬ ಅಳುಕು ಇನ್ನೊಂದು ಕಾರಣ. ಲೇವೇ ಅವರ ಕೈಯಲ್ಲಿದ್ದ ಚೆಲ್ಲೊ ಕೂಡ ಅವರ ಗೆಳೆಯರ ಕಾಲದ ವಾದ್ಯವಾಗಿರಲಿಲ್ಲ. ಅದನ್ನು ಅವರು ಕೆಳಗಿಡಲಿಲ್ಲ. ತಮ್ಮ ದಿನನಿತ್ಯದ ನಾಚಿಕೆ, ಹುಸಿಮುನಿಸು, ಒಂಟಿತನಗಳನ್ನು ಅದರ ಜತೆಗೇ ಹಾಡಿದರು. ಕಲಿತ ವಿದ್ಯೆ ಹಳೆಯದಾದರೂ ಅದರಲ್ಲಿ ಹೇಳಲು ನಿಮ್ಮದೇ ಒಂದು ಮಾತಿದ್ದರೆ ಕೇಳುವವರು ಸಿಕ್ಕೇ ಸಿಗುತ್ತಾರೆ. ಎಲ್ಲರಿಗೂ ಪ್ರಶಸ್ತಿ ಬಾರದೆ ಹೋಗಬಹುದು. ಆದರೆ ಮನಸ್ಸನ್ನು ತೋಡಿಕೊಳ್ಳಲು ಒಂದು ಭಾಷೆ ಕೈಯಲ್ಲಿ ಉಳಿಯುತ್ತದೆ, ಅದು ಸಣ್ಣ ಲಾಭವಲ್ಲ.

ಬಿಡುವಿದ್ದಾಗ ಒಂದು ಚಿಕ್ಕ ಅಭ್ಯಾಸ ಮಾಡಿ. ‘ಮಿಸ್ಟಿ’ಯನ್ನು ಮೊದಲು ಎರಾಲ್ ಗಾರ್ನರ್ ಅವರ ಪಿಯಾನೊದಲ್ಲಿ, ಆಮೇಲೆ ಎಲಾ ಫಿಟ್ಸ್‌ಜೆರಾಲ್ಡ್ ಅವರ ಕಂಠದಲ್ಲಿ, ಕೊನೆಗೆ ಲೇವೇ ಅವರ ಕಂಠದಲ್ಲಿ ಕೇಳಿ. ಧಾಟಿ ಒಂದೇ, ಮೂವರೂ ಬೇರೆ ಬೇರೆ. ಆ ವ್ಯತ್ಯಾಸವನ್ನು ನಿಮ್ಮ ಕಿವಿ ಗುರುತಿಸಿದರೆ, ಈ ಭಾಷಣದಲ್ಲಿ ನಾನು ಹೇಳಲಾಗದ್ದು ಕೂಡ ನಿಮಗೆ ತಿಳಿದಂತಾಯಿತು.